ಕುಂಡ ಬದಲಿಸಿದ ಮೇಲೆ ಬಾಳೆ ಜೋತುಬಿದ್ದರೆ

ಸಣ್ಣ ಕುಂಡದಿಂದ ದೊಡ್ಡದಕ್ಕೆ ಹಾಕಿದ ಮೂರ್ನಾಲ್ಕು ದಿನಕ್ಕೆ ಬಾಳೆಯ ಎಲೆಗಳು ಜೋತುಬೀಳುತ್ತವೆ, ಬುಡದ ಕಡೆಯ ಒಂದೆರಡು ಹಳದಿಗೆ ತಿರುಗುತ್ತವೆ. ಇಷ್ಟಕ್ಕೇ ಗಾಬರಿ ಬೇಡ. ಗಾಬರಿಯಲ್ಲಿ ಹೊತ್ತಿಗೊಂದು ಕೊಡ ನೀರು ಸುರಿದು, ಮೇಲೊಂದು ಹಿಡಿ ಗೊಬ್ಬರ ಹಾಕಿದಾಗಲೇ ಗಿಡ ನಿಜವಾಗಿ ಕೆಡುವುದು.

ಬಾಳೆಗೆ ತಾಯಿಬೇರಿಲ್ಲ. ಗಡ್ಡೆಯಿಂದ ಪೆನ್ಸಿಲ್ ದಪ್ಪದ ಬೇರುಗಳು ಹೊರಡುತ್ತವೆ, ಅವುಗಳಿಂದ ಕವಲೊಡೆದ ಎಳೆಬೇರುಗಳು ನೀರು ಹೀರುತ್ತವೆ. ಕುಂಡ ಬದಲಿಸುವಾಗ ಹರಿಯುವುದು ಈ ಎಳೆಬೇರುಗಳೇ. ಎಲೆಗಳು ಮಾತ್ರ ಮೊದಲಿನಷ್ಟೇ ನೀರು ಕೇಳುತ್ತವೆ. ಬೇರನ್ನು ಒಂದು ದಿನದಲ್ಲಿ ಬೆಳೆಸಲಾಗದು, ಎಲೆಯನ್ನು ಕಡಿಮೆ ಮಾಡಬಹುದು. ಸುಳಿಯನ್ನು (ನಡುವೆ ಸುರುಳಿಯಾಗಿ ಮೇಲೇಳುವ ಎಳೆ ಎಲೆ) ಮುಟ್ಟದೆ, ಅದರ ಪಕ್ಕದ ಎರಡು ಎಲೆಗಳನ್ನು ಅಡ್ಡಕ್ಕೆ ಅರ್ಧ ಕತ್ತರಿಸಿ. ಉಳಿದವನ್ನು 2 ಇಂಚು ತೊಟ್ಟು ಬಿಟ್ಟು ತೆಗೆದುಹಾಕಿ. ಚಾಕುವನ್ನು ಮೊದಲೇ ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಹಳೆ ಅಂಗಿ ಹಾಕಿಕೊಂಡಿರಿ, ಬಾಳೆ ರಸದ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ.

ಗಿಡ ಹೇಗಿದೆ ಎಂದು ಮಧ್ಯಾಹ್ನ ನೋಡಿ ತೀರ್ಮಾನಿಸಬೇಡಿ. ಬಿಸಿಲೇರಿದಾಗ ಗಟ್ಟಿಮುಟ್ಟಾದ ಬಾಳೆಯೂ ನಡುದಿಂಡಿನ ಎರಡೂ ಕಡೆ ಎಲೆಯನ್ನು ಕೆಳಕ್ಕೆ ಮಡಚಿಕೊಳ್ಳುತ್ತದೆ, ಬಿಸಿಲು ತಪ್ಪಿಸಿಕೊಳ್ಳುವ ಉಪಾಯ ಅದು. ಬೆಳಿಗ್ಗೆ 7 ಗಂಟೆಗೆ ನೋಡಿ. ಆಗಲೂ ಮಡಚಿಕೊಂಡೇ ಇದ್ದರೆ ಬೇರಿಗೆ ತೊಂದರೆ ಇದೆ. ಎಲೆಯಂಚಿನಲ್ಲಿ ಸಾಲಾಗಿ ನೀರಿನ ಹನಿ ಕೂತಿದ್ದರೆ ಒಳ್ಳೆಯ ಸುದ್ದಿ: ರಾತ್ರಿ ಬೇರು ಒತ್ತಿ ಮೇಲೆ ಕಳಿಸಿದ ನೀರು ಅದು.

ಎಲ್ಲಕ್ಕಿಂತ ನಂಬಬಹುದಾದ ಗುರುತು ಸುಳಿ. ಅದು ಹೊರಬರುವ ಜಾಗದಲ್ಲಿ, ಪಕ್ಕದ ಎಲೆಯ ತೊಟ್ಟಿನ ಮಟ್ಟಕ್ಕೆ ಸರಿಯಾಗಿ ಮಾರ್ಕರ್ ಪೆನ್ನಿನಿಂದ ಸುಳಿಯ ಮೇಲೊಂದು ಗೆರೆ ಎಳೆಯಿರಿ. ಎರಡು ದಿನದಲ್ಲಿ ಗೆರೆ ಒಂದಿಷ್ಟು ಮೇಲೇರಿದ್ದರೂ ಸಾಕು, ಕೆಳಗಿನ ಎಲೆಗಳು ಒಣಗಿದರೆ ಒಣಗಲಿ. ಏರದೆ ನಿಂತರೂ ಸುಳಿ ಹಸಿರಾಗಿ ಗಟ್ಟಿಯಾಗಿದ್ದರೆ ಎರಡು ಮೂರು ವಾರ ಕಾಯಬಹುದು. ಮೆಲ್ಲಗೆ ಎಳೆದರೆ ಸುಳಿ ಕೈಗೆ ಬಂದು, ಬುಡದಲ್ಲಿ ಕೆಟ್ಟ ವಾಸನೆ ಇದ್ದರೆ ಕೊಳೆ ಹಿಡಿದಿದೆ.

ಇನ್ನು ನೀರು. ಎಲೆ ಬಾಡಿ ಮಣ್ಣು ಒಣಗಿದ್ದರೆ ನೀರು ಸಾಲುತ್ತಿಲ್ಲ. ಎಲೆ ಬಾಡಿ ಮಣ್ಣು ಹಸಿಯಾಗಿದ್ದರೆ ಬೇರು ಕೊಳೆಯುತ್ತಿರಬಹುದು. ಮೇಲಿಂದ ಎರಡೂ ಒಂದೇ ತರ ಕಾಣುತ್ತವೆ, ಹಾಗಾಗಿ ಮಣ್ಣಿಗೆ 2 ಇಂಚು ಬೆರಳಿಳಿಸದೆ ಚೊಂಬು ಎತ್ತಬೇಡಿ. ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಜಿ-9 ತಳಿಯ ಸಸಿಯಾದರೆ ಮೂರನೆಯ ಸಾಧ್ಯತೆಯೂ ಉಂಟು. ಅವು ನರ್ಸರಿಯಿಂದ ಸಾಮಾನ್ಯವಾಗಿ ಕೋಕೋಪೀಟ್ ಮುದ್ದೆಯಲ್ಲಿ ಬರುತ್ತವೆ. ಆ ಮುದ್ದೆ ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳದು. ಸುತ್ತಲಿನ ಹೊಸ ಮಣ್ಣು ಕೆಸರಾಗಿದ್ದರೂ ಬೇರಿರುವ ನಡುಭಾಗ ಒಣಗಿಯೇ ಇರುತ್ತದೆ. ಬುಡಕ್ಕೆ ತಾಗಿದಂತೆ ಒಂದು ಕಡ್ಡಿ ಚುಚ್ಚಿ ತೆಗೆದರೆ ಗೊತ್ತಾಗುತ್ತದೆ. ಕುಂಡವನ್ನು ನೀರು ತುಂಬಿದ ಟಬ್ಬಿನಲ್ಲಿ 20 ನಿಮಿಷ ಇಟ್ಟು, ಎತ್ತಿ ಪೂರ್ತಿ ಬಸಿಯಲು ಬಿಡಿ.

ಬೇರು ಕೊಳೆತ ಅನುಮಾನ ಬಂದರೆ ತಡಮಾಡದೆ ಗಿಡವನ್ನು ಕುಂಡದಿಂದ ಎಬ್ಬಿಸಿ. ಒಳ್ಳೆಯ ಬೇರು ಕೆನೆಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರಷ್ಟೇ ಉಳಿಯುತ್ತದೆ. ಅಂಥವನ್ನೆಲ್ಲ ಗಡ್ಡೆಯ ತನಕ ಕತ್ತರಿಸಿ. ಗಡ್ಡೆಯಲ್ಲಿ ಬಣ್ಣಗೆಟ್ಟು ಮೆತ್ತಗಾದ ಭಾಗವನ್ನು ಬಿಳಿ ಭಾಗ ಕಾಣುವವರೆಗೆ ಕೆತ್ತಿ. ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ, ಗಡ್ಡೆಯನ್ನು 15–20 ನಿಮಿಷ ಅದ್ದಿ, ಒಂದು ದಿನ ನೆರಳಲ್ಲಿ ಆರಿಸಿ, ಹೊಸ ಮಣ್ಣಿಗೆ ನೆಡಿ. ಕೈಗವಸು ಮರೆಯಬೇಡಿ. ಕೆಲವರು ಇದರ ಜೊತೆಗೇ ಟ್ರೈಕೋಡರ್ಮಾವನ್ನೂ ಹಾಕುತ್ತಾರೆ. ದುಡ್ಡು ದಂಡವಾಗಬಹುದು: ತಾಮ್ರದ ಔಷಧಿ ಆ ಉಪಕಾರಿ ಶಿಲೀಂಧ್ರವನ್ನೂ ಕುಗ್ಗಿಸಬಹುದು. ಎರಡು ವಾರ ಬಿಟ್ಟು, ಕಳಿತ ಗೊಬ್ಬರದಲ್ಲಿ ಬೆರೆಸಿ ಹಾಕಿದರೆ ಉಪಯೋಗ.

ಕೊಳೆಗೆ ಕುಂಡದ ಅಳತೆಯೂ ಕಾರಣವಾಗುತ್ತದೆ. 6 ಇಂಚಿನ ಚೀಲದ ಸಸಿಯನ್ನು ನೇರ ದೊಡ್ಡ ಡ್ರಮ್ಮಿಗೆ ಹಾಕಿದರೆ, ಬೇರಿಲ್ಲದ ಮಣ್ಣಿನ ನೀರನ್ನು ಕುಡಿಯುವವರೇ ಇರುವುದಿಲ್ಲ. ಒಂದು ಸಲಕ್ಕೆ 4–5 ಇಂಚು ದೊಡ್ಡದು ಸಾಕು. ಗೊನೆ ಹಾಕುವ ಹೊತ್ತಿಗೆ 20–24 ಇಂಚಿನ ಕುಂಡ ಬೇಕು.

ಮಣ್ಣಿನಲ್ಲಿ ನಮ್ಮ ಕಡೆಯವರು ಎಡವುವುದು ಹೆಚ್ಚು. ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಸುತ್ತ ಕೈಗೆ ಸಿಗುವುದು ಎರೆ ಮಣ್ಣು. ಹೊಲದಲ್ಲಿ ಅದು ಬಂಗಾರ, ಕುಂಡಕ್ಕೆ ಬೇಡ. ನೆನೆದರೆ ಗಾಳಿಯಾಡದು, ಒಣಗಿದರೆ ಬಿರುಕುಬಿಟ್ಟು ಎಳೆಬೇರುಗಳನ್ನು ಹರಿದುಹಾಕುತ್ತದೆ. ಮಸಾರಿ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಸುಟ್ಟು ಕಪ್ಪಾದ ಭತ್ತದ ಹೊಟ್ಟು ಒಂದು ಪಾಲು ಹಾಕಿ. ಗಂಗಾವತಿ, ಸಿಂಧನೂರಿನಂಥ ರೈಸ್‌ಮಿಲ್ ಊರುಗಳಲ್ಲಿ ಹೊಟ್ಟಿಗೇನು ಬರ? ಹಸಿ ಹೊಟ್ಟು ಮಾತ್ರ ಬೇಡ, ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಅದೇ ಎಳೆದುಕೊಳ್ಳುತ್ತದೆ. 12 ಇಂಚಿನ ಕುಂಡಕ್ಕೆ 50 ಗ್ರಾಂ ಬೇವಿನ ಹಿಂಡಿ ಸೇರಿಸಿ. ನೆಡುವಾಗ ಗಡ್ಡೆಯ ಮೇಲೆ ಒಂದು ಇಂಚು ಮಣ್ಣು ಬಂದರೆ ಸಾಕು. ಕಾಂಡವನ್ನು ಆಳಕ್ಕೆ ಹೂತರೆ ಹೊರಗಿನ ಪದರಗಳು ಕೊಳೆಯುತ್ತವೆ. ಪಕ್ಕದಲ್ಲೊಂದು ಕೋಲು ನೆಟ್ಟು ಸಡಿಲವಾಗಿ ಕಟ್ಟಿ. ಮಾಳಿಗೆಯ ಮೇಲೆ ಆಷಾಢದ ಗಾಳಿಗೆ ಗಿಡ ಅಲುಗಾಡಿದಷ್ಟೂ ಹೊಸ ಬೇರು ಮುರಿಯುತ್ತದೆ. ಗಾಳಿಗೆ ಎಲೆ ಸೀಳಿದರೆ ಅದು ರೋಗವಲ್ಲ, ಬಿಟ್ಟುಬಿಡಿ.

ಆನೆಗೊಂದಿ, ಕಂಪ್ಲಿ ಕಡೆಯ ಬಾಳೆ ತೋಟಗಳು ಇದೇ ಬಿಸಿಲಲ್ಲಿ ನಿಂತಿವೆಯಲ್ಲ ಎಂದು ಕೇಳಬಹುದು. ಅಲ್ಲಿ ಬೇರು ನದಿ-ಕಾಲುವೆ ನೀರು ಕುಡಿದ ತಂಪು ನೆಲದಲ್ಲಿದೆ, ಗಿಡಕ್ಕೆ ಗಿಡ ನೆರಳು ಕೊಡುತ್ತದೆ. ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ 40 ಡಿಗ್ರಿ ದಾಟಿದ ದಿನ ಗೋಡೆಗೆ ತಾಗಿದ ಬೇರುಗಳು ಬೆಂದೇ ಹೋಗುತ್ತವೆ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ಸುತ್ತ ಗೋಣಿಚೀಲ ಸುತ್ತಿ ಹಸಿಯಾಗಿಡಿ, ಶೇ 50ರ ಶೇಡ್‌ನೆಟ್ ಕಟ್ಟಿ. ಸುಧಾರಿಸಿಕೊಳ್ಳುವ ಗಿಡಕ್ಕೆ ಬೆಳಗಿನ ಎರಡು ಮೂರು ತಾಸಿನ ಬಿಸಿಲು ಸಾಕು. ಯುಗಾದಿಯಿಂದ ಮಿರಗದ ಮಳೆ ಬೀಳುವ ತನಕ ಕುಂಡ ಬದಲಿಸುವ ಕೆಲಸಕ್ಕೇ ಕೈಹಾಕದಿರುವುದು ಉತ್ತಮ.

ಹಳೆ ಎಲೆಗಳ ಅಂಚು ಸುಟ್ಟಂತಾಗಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಬೋರ್‌ವೆಲ್ ನೀರಿನ ಉಪ್ಪಿನ ಕೆಲಸ ಅದು. ತುಂಗಭದ್ರಾ ಅಚ್ಚುಕಟ್ಟಿನವರಿಗೆ ಸವಳಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಮೇಲಿನ ಒಂದು ಇಂಚು ಮಣ್ಣು ತೆಗೆದು, ಕುಂಡದ ಗಾತ್ರದ ಎರಡು ಮೂರು ಪಟ್ಟು ಸಿಹಿನೀರನ್ನು ನಿಧಾನಕ್ಕೆ ಹಾಯಿಸಿ ಕೆಳಗಿಂದ ಹರಿದುಹೋಗಲು ಬಿಡಿ. ಮಳೆನೀರು ಸಿಕ್ಕರೆ ಅದೇ ಒಳ್ಳೆಯದು, ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಮಾತ್ರ ಹಾಕಬೇಡಿ, ಉಪ್ಪೆಲ್ಲ ಸೇರಿರುವುದು ಅದರಲ್ಲೇ.

ಗೊಬ್ಬರ ಯಾವಾಗ? ಕುಂಡ ಬದಲಿಸಿದ ಮೇಲೆ ಎರಡನೆಯ ಹೊಸ ಎಲೆ ಪೂರ್ತಿ ಬಿಚ್ಚಿದಾಗ. ಅದಕ್ಕೂ ಮೊದಲು ಹಾಕಿದ ಗೊಬ್ಬರ ಗಾಯಗೊಂಡ ಬೇರಿಗೆ ಉಪ್ಪಾಗಿಯೇ ತಾಗುತ್ತದೆ. ಆಮೇಲೆ 15 ದಿನಕ್ಕೊಮ್ಮೆ ಲೀಟರಿಗೆ 1 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಸಾಕು. ಪೊಟ್ಯಾಷ್ ಕೊಡುವಾಗ ಮ್ಯೂರಿಯೇಟ್ ಬಿಟ್ಟು ಸಲ್ಫೇಟ್ ಆಫ್ ಪೊಟ್ಯಾಷ್ ತನ್ನಿ. ಉಪ್ಪುನೀರಿನ ಊರಲ್ಲಿ ಮ್ಯೂರಿಯೇಟ್‌ನಲ್ಲಿರುವ ಕ್ಲೋರೈಡ್ ಮತ್ತಷ್ಟು ಬೇಡ. ಹೊಸ ಎಲೆ ನರ ಮಾತ್ರ ಹಸಿರಾಗಿದ್ದು ಉಳಿದದ್ದು ಬಿಳಿಚಿಕೊಂಡು ಬಂದರೆ ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಬಾಳೆಸಿಪ್ಪೆ ನೆನೆಸಿದ ನೀರಿನಿಂದ ನೊಣ ಬರುತ್ತವೆ, ಹೆಚ್ಚೇನಿಲ್ಲ.

ಎಲೆಯೆಲ್ಲ ಒಣಗಿ ಬರೀ ಕಾಂಡ ಉಳಿದಿದ್ದರೂ ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಮೇಲಿಂದ 2 ಇಂಚು ಅಡ್ಡ ಕತ್ತರಿಸಿ. ಒಳಗೆ ಒದ್ದೆಯಾಗಿ ಬೆಳ್ಳಗಿದ್ದರೆ ಹಾಗೇ ಬಿಡಿ. ಬೆಳವಣಿಗೆ ನಡೆದಿದ್ದರೆ ಮರುದಿನದೊಳಗೆ ನಡುವಿನ ಉರುಳೆ ಕತ್ತರಿಸಿದ ಮಟ್ಟಕ್ಕಿಂತ ಮೇಲೆ ನೂಕಿಕೊಂಡು ಬಂದಿರುತ್ತದೆ. ನಡುಭಾಗ ಬಣ್ಣಗೆಟ್ಟಿದ್ದರೆ ಬಿಳಿ ಸಿಗುವವರೆಗೆ ಮತ್ತೆ ಮತ್ತೆ ಕತ್ತರಿಸುತ್ತ ಕೆಳಗಿಳಿಯಿರಿ. ಮಣ್ಣಿನ ಮಟ್ಟದವರೆಗೂ ಬಿಳಿ ಸಿಗದೆ ಹೋದರೂ ಗಡ್ಡೆ ಗಟ್ಟಿಯಾಗಿದ್ದರೆ ಮರಿ ಏಳಬಹುದು. ಮಣ್ಣನ್ನು ತುಸುವೇ ತೇವವಾಗಿಟ್ಟು ಒಂದೆರಡು ತಿಂಗಳು ಕಾಯಿರಿ. ನಾಲ್ಕೈದು ಮರಿ ಎದ್ದರೆ ಕತ್ತಿಯಂತೆ ಕಿರಿದಾದ ಎಲೆಯ ಒಂದನ್ನು ಉಳಿಸಿಕೊಂಡು, ಉಳಿದವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ.