ಕೇಪಿಗೆ ಬದಲಾದ ಕಂಪನಿ ಪಿಸ್ತೂಲು: ಬೆಲೆ ಕಟ್ಟುವ ಮುಂಚಿನ ತಪಾಸಣೆ

ಮೊದಲ ಭೇಟಿ

ತೀರ್ಥಹಳ್ಳಿ ಕಡೆಯ ಹಳೇ ಮನೆಯೊಂದರ ಪಿಸ್ತೂಲು, ಈಸ್ಟ್ ಇಂಡಿಯಾ ಕಂಪನಿಯದ್ದು. ಹುಟ್ಟಿದ್ದು ಚಕಮಕಿ ಕಲ್ಲಿನದ್ದಾಗಿ, ಈಗ ಇರುವುದು ಕೇಪಿನದ್ದಾಗಿ (ಕೇಪು ಎಂದರೆ ಬಡಿದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಟೋಪಿ). ಮನೆಯವರ ಮಾತಿನಲ್ಲಿ ಅದು "ಟಿಪ್ಪು ಕಾಲದ್ದು". 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಾಳುಬಾವಿಯಿಂದ ಸಾವಿರದಷ್ಟು ರಾಕೆಟ್‌ಗಳು ಮೇಲೆ ಬಂದ ನಂತರ ಈ ಸೀಮೆಯಲ್ಲಿ ತುಕ್ಕು ಹಿಡಿದ ಕಬ್ಬಿಣಕ್ಕೆಲ್ಲ ಟಿಪ್ಪು ಹೆಸರೇ. ಬೆಲೆಯ ಲೆಕ್ಕಕ್ಕೆ ಅದನ್ನು ಸೇರಿಸಿಕೊಳ್ಳುವುದಿಲ್ಲ.

ಪಿಸ್ತೂಲಿಗಿಂತ ಮೊದಲು ಕಾಗದ ನೋಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45(ಸಿ) ಕಲಂ ಹಳೇ ಮಾದರಿಯ, ಪುರಾತನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿ ಇದ್ದರೆ ಮಾತ್ರ. ಈ ಪಿಸ್ತೂಲಿನ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬೀಳುತ್ತದೆ, ನಿಪ್ಪಲ್ (ಕೇಪು ಕೂರುವ ಮೊಟಕು ಕೊಳವೆ) ತೂತು ತೆರೆದಿದೆ. ಹಾಗಾಗಿ ಇದನ್ನು ಬಂದೂಕೆಂದೇ ಎಣಿಸಬೇಕು, ಲೈಸೆನ್ಸ್ ಬೇಕೇ ಬೇಕು. ಮನೆಯವರ ಲೈಸೆನ್ಸಿನಲ್ಲಿ ಇದರ ನಮೂದು ಇದೆ. ಲೈಸೆನ್ಸುದಾರರು ಇನ್ನೊಬ್ಬರಿಗೆ ಮಾರುವಾಗ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದುಕೊಟ್ಟು 45 ದಿನ ಕಾಯಬೇಕು. ನೂರು ವರ್ಷ ದಾಟಿದ ವಸ್ತುವಾದ್ದರಿಂದ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ವಿದೇಶಿ ಹರಾಜಿನ ಬೆಲೆ ತೋರಿಸಿ ಇಲ್ಲಿ ಚೌಕಾಸಿ ಮಾಡುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆಮೇಲೆ ನಳಿಗೆ ಖಾಲಿಯೇ ಎಂಬ ಪರೀಕ್ಷೆ. ಇದನ್ನು ಬಿಟ್ಟು ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬಾರದು. ಒಣಗಿದ ಅಡಿಕೆ ದಬ್ಬೆಯನ್ನು ಪೆನ್ಸಿಲ್ ದಪ್ಪಕ್ಕೆ ಹೆರೆದು ನಳಿಗೆಗೆ ಇಳಿಸಿ, ತುದಿ ತಳ ಮುಟ್ಟಿದಾಗ ಬಾಯಿಯ ಮಟ್ಟದಲ್ಲಿ ಗುರುತು ಹಾಕಬೇಕು. ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟರೆ ದಬ್ಬೆಯ ತುದಿ ಬೆಂಕಿ ಹೋಗುವ ತೂತಿನವರೆಗೆ ಬರಬೇಕು. ಎರಡು ಸೆಂಟಿಮೀಟರ್ ಅಥವಾ ಹೆಚ್ಚು ಮೊದಲೇ ನಿಂತರೆ ಒಳಗೆ ಮದ್ದು, ಗುಂಡು ಇದೆಯೆಂದೇ ತಿಳಿಯಬೇಕು. ಒಣಗಿದ ಕರಿಮದ್ದು ಎಷ್ಟು ದಶಕ ಕಳೆದರೂ ಕೆಡುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಕೆದಕದೆ ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಬಿಡಬೇಕು. ಇಲ್ಲಿ ದಬ್ಬೆ ತೂತಿನವರೆಗೂ ಬಂತು, ಖಾಲಿ.

ಎರಡನೇ ಭೇಟಿ: ಅಳತೆ, ಗುರುತು, ಮರ

ಸಾಮಾನು: ವರ್ನಿಯರ್, ಹತ್ತು ಪಟ್ಟು ದೊಡ್ಡದಾಗಿ ತೋರುವ ಲೂಪ್, ಟಾರ್ಚ್, ಮೆಟ್ರಿಕ್ ಥ್ರೆಡ್ ಗೇಜ್, ಹತ್ತಿ.

ನಳಿಗೆ 228 ಮಿ.ಮೀ., ಬಾಯಿಯ ಒಳವ್ಯಾಸ 16.6 ಮಿ.ಮೀ. ಅಂದರೆ 9 ಇಂಚು ನಳಿಗೆ, ಕಾರ್ಬೈನ್ ಬೋರ್ (ಕಾರ್ಬೈನ್ ಎಂಬ ಗಿಡ್ಡ ಬಂದೂಕಿನಷ್ಟೇ ಒಳವ್ಯಾಸ). ಕಂಪನಿ ಪಿಸ್ತೂಲಿಗೆ ಹೊಂದುವ ಅಳತೆಯೇ. ಗಜ (ಮದ್ದು, ಗುಂಡನ್ನು ನಳಿಗೆಯೊಳಗೆ ತುರುಕುವ ಕೋಲು) ಕಳೆದುಹೋಗದಂತೆ ಹಿಡಿಯುವ ಕೊಂಡಿಯ ಕಿವಿ ಬಾಯಿಯ ಕೆಳಗೆ ಸ್ವಸ್ಥಾನದಲ್ಲಿದೆ. ನಳಿಗೆ ಕತ್ತರಿಸಿದ್ದರೆ ಮೊದಲು ಕಾಣೆಯಾಗುವುದು ಈ ಕಿವಿಯೇ. ಅದಿಲ್ಲದೆ ಬಾಯಿಯ ಅಂಚು ಮಾತ್ರ ಹೊಳೆಯುತ್ತಿದ್ದರೆ ಅನುಮಾನಪಡಬೇಕು.

ಲಾಕ್ (ಗುಂಡು ಹಾರಿಸುವ ಯಂತ್ರ) ಕೂತಿರುವ ಪ್ಲೇಟಿನ ಮೇಲೆ ಹಿಂಗಾಲಲ್ಲಿ ನಿಂತ ಸಿಂಹ. ಈಸ್ಟ್ ಇಂಡಿಯಾ ಕಂಪನಿ ಈ ಸಿಂಹವನ್ನು ಒತ್ತತೊಡಗಿದ್ದು 1808ರಿಂದ. ಅದಕ್ಕೂ ಹಿಂದೆ ಇದ್ದದ್ದು ಹೃದಯದಾಕಾರದ ವ್ಯಾಪಾರಿ ಮುದ್ರೆ. ಟಿಪ್ಪು ತೀರಿಕೊಂಡದ್ದು 1799ರ ಮೇ 4. ಟಿಪ್ಪುವಿನ ಕತೆ ಈ ಸಿಂಹದ ಮುಂದೆ ಮುಗಿಯಿತು. ನಿಜವಾಗಿ ಟಿಪ್ಪುವಿನ ಕಾರ್ಖಾನೆಯದ್ದಾದರೆ ಹುಲಿಪಟ್ಟೆಯ ಚಿತ್ತಾರವನ್ನೋ ಹುಲಿಮುಖವನ್ನೋ ಹುಡುಕಬೇಕು. ಹಾಗೆಯೇ ನಳಿಗೆಗಳ ಬಲ ಪರೀಕ್ಷಿಸುವ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಇರುವ ನಳಿಗೆ 1813ಕ್ಕಿಂತ ಹಿಂದಿನದ್ದಾಗಲಾರದು. ಲಂಡನ್ನಿನ ಶಸ್ತ್ರಾಗಾರದ "ಟವರ್" ಎಂಬ ಅಕ್ಷರ ಕಂಡ ಕೂಡಲೇ ಹಿಗ್ಗಬಾರದು. ವಾಯವ್ಯ ಗಡಿಯ ಖೈಬರ್ ಕಡೆಯ ನಕಲುಗಳಲ್ಲಿ ಅದೇ ಅಕ್ಷರ ತಲೆಕೆಳಗಾಗಿ, ಓರೆಯಾಗಿ, ಕಾಗುಣಿತ ತಪ್ಪಿ ಬಂದಿರುತ್ತದೆ.

ಮರದಲ್ಲಿ ಮೋಸ ಹೆಚ್ಚು. ಮೂಲ ಹಿಡಿ ವಾಲ್‌ನಟ್. ಮೂತಿಯ ಕಡೆ ಆರು ಸೆಂಟಿಮೀಟರ್ ತುಂಡು ಮಾತ್ರ ಬೀಟೆ, ಓರೆ ಜೋಡಣೆ, ಎರಡು ಬಿದಿರಿನ ಮೊಳೆ. ಊರಿನ ಬಡಗಿ ಮಾಡಿದ ಹಳೇ ರಿಪೇರಿ. ಗಜದ ಉಜ್ಜಾಟದ ಸವೆತ ಎರಡೂ ಮರದ ಮೇಲೆ ಒಂದೇ ಸಮನೆ ಹಾದುಹೋಗಿದೆ, ಹಾಗಾಗಿ ಆಯುಧ ಬಳಕೆಯಲ್ಲಿದ್ದಾಗಲೇ ಆದದ್ದು. ಇದಕ್ಕೆ ಬೆಲೆ ಹೆಚ್ಚು ಕಡಿಯಬಾರದು. ಕಡಿಯಬೇಕಾದದ್ದು ಹೊಸ ಮರಕ್ಕೆ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಬಳಿದು ಮುದಿಯಾಗಿಸಿದ ಹಿಡಿಗೆ. ಒದ್ದೆ ಹತ್ತಿಯನ್ನು ಕಾಣದ ಜಾಗದಲ್ಲಿ, ಅಂದರೆ ಟ್ರಿಗರ್ ಗಾರ್ಡಿನ ಅಡಿಯಲ್ಲಿ, ಅರ್ಧ ನಿಮಿಷ ಒತ್ತಿದರೆ ಚೊಗರು ಕೆಂಪಗೆ ಬಿಡುತ್ತದೆ. ಚೊಗರಿನ ಒಗರು ಕಬ್ಬಿಣಕ್ಕೆ ತಾಗಿದರೆ ಮರವೇ ನೀಲಿಗಪ್ಪಾಗುತ್ತದೆ, ಸ್ಕ್ರೂಗಳ ಸುತ್ತ ಅಂಥ ಉಂಗುರ ಕಂಡರೂ ಅನುಮಾನಪಡಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಬಿದ್ದಿದ್ದ ಆಯುಧದ ಕಪ್ಪೇ ಬೇರೆ. ಅದು ಹೊಗೆಜಿಡ್ಡು, ನೀರಿಗೆ ಬಿಡುವುದಿಲ್ಲ, ಮಳೆಗಾಲದ ತುಕ್ಕಿನಿಂದ ಕಾಪಾಡಿದ್ದೂ ಅದೇ.

ಮೂರನೇ ಭೇಟಿ: ಲಾಕ್ ಬಿಚ್ಚಿ

ಮನೆಯವರ ಒಪ್ಪಿಗೆ ಪಡೆದು, ಅವರ ಎದುರೇ ಬಿಚ್ಚಿದ್ದು. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ, ಎಡಬದಿಯ ಎರಡು ಸ್ಕ್ರೂಗಳನ್ನು ಪೂರ್ತಿ ತೆಗೆಯದೆ ಐದಾರು ಸುತ್ತು ಸಡಿಲಿಸಿ, ಅವುಗಳ ತಲೆಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಪ್ಲೇಟು ಸಮನಾಗಿ ಹೊರಬರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಅಂಚಿನ ಮರ ಸಿಡಿಯುತ್ತದೆ. ಅಂಥ ಸಿಡಿತ ಇಲ್ಲಿ ಮೊದಲೇ ಒಂದಿದೆ, ಯಾರೋ ಅವಸರದವರ ಗುರುತು.

ಚಕಮಕಿಯನ್ನು ಕೇಪಿಗೆ ಬದಲಿಸುವಾಗ ಕಿಡಿ ಹಾರಿಸುವ ಉಕ್ಕಿನ ತಟ್ಟೆ, ಅದರ ಸ್ಪ್ರಿಂಗು, ಮದ್ದಿನ ಬಟ್ಟಲು ಇವಿಷ್ಟೂ ಹೋಗುತ್ತವೆ. ಕಲ್ಲು ಹಿಡಿಯುವ ಕುದುರೆಯ ಜಾಗಕ್ಕೆ ಬಡಿಯುವ ಕುದುರೆ ಬರುತ್ತದೆ. ಬೆಂಕಿತೂತನ್ನು ಅಗಲಿಸಿ ಡ್ರಮ್ (ಪೊಳ್ಳಾದ ಲೋಹದ ಉರುಳೆ) ತಿರುಗಿಸಿ ಕೂರಿಸಿ, ಅದರ ಮೇಲೆ ನಿಪ್ಪಲ್ ಕೂರಿಸುತ್ತಾರೆ. ಪ್ಲೇಟಿನ ಒಳಮುಖದಲ್ಲಿ ತಟ್ಟೆಯ ಸ್ಕ್ರೂ, ಸ್ಪ್ರಿಂಗಿನ ಸ್ಕ್ರೂ, ಸ್ಪ್ರಿಂಗಿನ ಚಿಕ್ಕ ಗೂಟ, ಹೀಗೆ ಮೂರು ತೂತುಗಳನ್ನು ತುಂಬಿದ ವೃತ್ತಗಳು ಸ್ಪಷ್ಟ. ಬಟ್ಟಲನ್ನು ಕೊಯ್ದ ಜಾಗದಲ್ಲಿ ಅರದ ಗೆರೆಗಳು, ಗೆರೆಯೊಳಗೂ ಅದೇ ಕಂದು ಬಣ್ಣ. ಡ್ರಮ್ಮಿನ ಹಿಂದೆ ನಳಿಗೆ ಕುಳಿಬಿದ್ದಿದೆ, ಹಳೇ ಕೇಪಿನ ಉಪ್ಪು ತಿಂದದ್ದು. ಅಂದರೆ ಬದಲಾವಣೆ ಹಳೆಯದು, ಬದಲಾದ ಮೇಲೂ ದುಡಿದಿದೆ.

ಇದರ ತಿರುಗುಮುರುಗು ಕೆಲಸವೇ ಮಾರುಕಟ್ಟೆಯ ದೊಡ್ಡ ಪೀಡೆ. ಚಕಮಕಿಗೆ ಬೆಲೆ ಹೆಚ್ಚೆಂದು, ಕೇಪಿಗೆ ಬದಲಾದದ್ದನ್ನು ಮತ್ತೆ ಚಕಮಕಿ ಮಾಡಿ, ಹೇಳದೆ ಮಾರುತ್ತಾರೆ. ಡ್ರಮ್ಮಿನ ದೊಡ್ಡ ತೂತಿಗೆ ಬುಶ್ (ತುಂಬುವ ಲೋಹದ ಬಿರಡೆ) ಹಾಕಿ ನಡುವೆ ಎರಡು ಮಿ.ಮೀ. ಕೊರೆದಿರುತ್ತಾರೆ, ಲೂಪಿನಲ್ಲಿ ಬುಶ್ಶಿನ ಉಂಗುರ ಕಾಣುತ್ತದೆ. ಬಟ್ಟಲು ಎರಕದ್ದಾದರೆ ಅಚ್ಚಿನ ಗೆರೆ, ಸೂಜಿಮೊನೆಯಂಥ ಗಾಳಿತೂತು ಇರುತ್ತವೆ. ಕಿಡಿತಟ್ಟೆಯ ಮುಖದಲ್ಲಿ ಕಲ್ಲು ಗೀರಿದ ಉದ್ದುದ್ದ ಗೆರೆ ಇರದಿದ್ದರೆ ಅದು ಹೊಸದು. ನವಸಾಗರ ಹಚ್ಚಿ ಬರಿಸಿದ ತುಕ್ಕು ಎಲ್ಲೆಡೆ ಒಂದೇ ಬಣ್ಣ, ಆಳವಿಲ್ಲ, ಒಣಬಟ್ಟೆಗೆ ಕೆಂಪು ಪುಡಿ ಬರುತ್ತದೆ. ಹಳೇ ತುಕ್ಕು ಕಪ್ಪುಗಂದು, ಬಿಗಿ.

ಸಿಕ್ಕ ಕೊರತೆಗಳೂ ಇವೆ. ನಿಪ್ಪಲ್ಲಿನ ಥ್ರೆಡ್ 6 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್. ಮೆಟ್ರಿಕ್ ಗೇಜ್ ಸರಿಯಾಗಿ ಕೂತಿತು, ಆದ್ದರಿಂದ ಈಚಿನದು. ಒಂದು ಸ್ಕ್ರೂ ಕೂಡ ಹಾಗೆಯೇ, ಸೀಳು ಅಗಲವಾಗಿ ನಟ್ಟನಡುವೆ. ಕೈಯಲ್ಲಿ ಮಾಡಿದ ಹಳೆಯದರ ಸೀಳು ಕಿರಿದು, ಕೊಂಚ ಪಕ್ಕಕ್ಕೆ ಸರಿದಿರುತ್ತದೆ. ಕುದುರೆಯ ಬಾಯಿ ನಿಪ್ಪಲ್ಲಿನ ಮಧ್ಯಕ್ಕೆ ಬೀಳದೆ ಅಂಚಿಗೆ ಬೀಳುತ್ತಿದೆ. ಹೊಸ ನಿಪ್ಪಲ್ ಎರಡು ಮಿ.ಮೀ. ಎತ್ತರವಾದದ್ದೇ ಕಾರಣ, ಕುದುರೆಯದ್ದಲ್ಲ. ಕುದುರೆಯನ್ನು ಬಗ್ಗಿಸಿ "ಸರಿಮಾಡಲು" ಹೋದರೆ ಮುರಿಯುತ್ತದೆ. ಬರಿದೇ ಬಡಿಸಿ ನೋಡುವುದೂ ಬೇಡ, ನಿಪ್ಪಲ್ ತಲೆ ಚಪ್ಪಟೆಯಾಗುತ್ತದೆ. ಅರ್ಧ ಕುದುರೆಯಲ್ಲಿ ಟ್ರಿಗರ್ ಒತ್ತಿದಾಗ ಜಾರಲಿಲ್ಲ, ಇದು ಒಳ್ಳೆಯ ಲಕ್ಷಣ.

ಹಿತ್ತಾಳೆಯದ್ದು ಬೇಸರದ ಸಂಗತಿ. ವರ್ಷವರ್ಷವೂ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬುಡದ ಬಿಲ್ಲೆಯ ಅಂಕಿಗಳು ಮಾಸಿವೆ. ಓರೆ ಬೆಳಕಿನಲ್ಲಿ ಎರಡು ಅಂಕಿ ಮಾತ್ರ ಓದಲು ಸಿಗುತ್ತವೆ, ಅದೂ ಸಂದಿಯಲ್ಲಿ ಕುಂಕುಮ ಉಳಿದದ್ದರಿಂದ.

ಲೆಕ್ಕ

ಇದೇ ಮಾದರಿಯ, ಕೈ ತಾಗದ ಚಕಮಕಿಗೆ 100 ಎಂದಿಟ್ಟುಕೊಂಡರೆ, ಬಳಕೆಯ ಕಾಲದಲ್ಲೇ ಕೇಪಿಗೆ ಬದಲಾದದ್ದಕ್ಕೆ ನಮ್ಮ ಅಂದಾಜು 65. ಬದಲಾವಣೆಯೂ ಆಯುಧದ ಚರಿತ್ರೆಯೇ ಆದ್ದರಿಂದ ಇದಕ್ಕಿಂತ ಕೆಳಗೆ ಇಳಿಸುವುದಿಲ್ಲ. ಮರಳಿ ಚಕಮಕಿ ಮಾಡಿದ್ದನ್ನು ಬಾಯಿಬಿಟ್ಟು ಹೇಳಿ ಮಾರಿದರೆ 45, ಮುಚ್ಚಿಟ್ಟದ್ದಾದರೆ ಎದ್ದು ಬರುವುದೇ ಲೇಸು. ಇಲ್ಲಿ ನಿಪ್ಪಲ್ಲಿಗೆ 2, ಸ್ಕ್ರೂವಿಗೆ 1, ಸಿಡಿದ ಅಂಚಿಗೆ 2, ಮಾಸಿದ ಅಂಕಿಗಳಿಗೆ 6 ಕಳೆದರೆ 54. ಬೀಟೆ ತುಂಡಿಗೆ ಏನೂ ಕಳೆದಿಲ್ಲ.

ಮನೆಯವರು ಕೇಳಿದ್ದು 100ರ ಬೆಲೆ. 54ರ ಬೆಲೆ ಹೇಳಿ, ತುಂಬಿದ ಮೂರು ತೂತುಗಳನ್ನು ಲೂಪಿನಲ್ಲಿ ತೋರಿಸಿದ್ದಾಗಿದೆ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂದರೆ ಕುಂಕುಮ ಹಚ್ಚಲಿ, ಹೂ ಇಡಲಿ, ಹುಣಸೆಹಣ್ಣು ಮಾತ್ರ ಮುಟ್ಟಿಸಬೇಡಿ ಎಂದು ಹೇಳಿ ಬರಲಾಗಿದೆ.