ಪ್ರದಕ್ಷಿಣೆ ಹಾಕಿರಿ, ಮೊಣಕಾಲು ಉಳಿಯುತ್ತದೆ

ಕರ್ನಾಟಕ ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ಜತೆಗೆ ನಡೆಯುವವರು, ಕಾಯಿಪಲ್ಯೆ ಕೊಳ್ಳುವಾಗ ಸಿಕ್ಕವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕೋರ, ಇಟಲಿಯೊಳಗ ಆ ಗುಡ್ಡ ಸುತ್ತಿ ಬಂದ್ರೆಲ್ಲ, ನಮ್ಮಂಥಾ ಮೊಣಕಾಲು ನೋವಿನವ್ರಿಗೆ ಆಗತೈತೇನ್ರಿ ಅದು?" ಆಗತೈತ್ರಿ ಅಂದು ಮುಗಿಸಿಬಿಟ್ಟರೆ ಸಾಲದು. ಯಾವ ಕಡೆಯಿಂದ ಸುತ್ತುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮಗ ಮ್ಯೂನಿಕ್‌ನಲ್ಲಿದ್ದಾನೆ. ಹೋದ ಜುಲೈಯಲ್ಲಿ ಅವನ ಮನೆಗೆ ಹೋದಾಗ ಇಟಲಿಯ ಡೊಲೊಮೈಟ್ ಪರ್ವತಗಳಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ತ್ರೆ ಚಿಮೆ ಎಂಬ ಮೂರು ಶಿಖರಗಳಿವೆ. ನಡುವಿನದು 2,999 ಮೀಟರ್ ಎತ್ತರ, ಮೂರು ಸಾವಿರಕ್ಕೆ ಒಂದೇ ಮೀಟರ್ ಕಡಿಮೆ. ನಾವು ಶಿಖರ ಹತ್ತುವುದಿಲ್ಲ, ಸುತ್ತಲೂ ನಡೆದು ಬರುವುದು. ಸುಮಾರು 10 ಕಿಲೋಮೀಟರ್. ಕಾರೋ ಬಸ್ಸೋ ಅವುರೊಂಝೊ ಎಂಬ ಆಸರೆಮನೆಯ ತನಕ, 2,320 ಮೀಟರ್‌ವರೆಗೂ ಹೋಗುತ್ತದೆ. ನಡಿಗೆ ಅಲ್ಲಿಂದಲೇ ಶುರು, ಅಲ್ಲಿಗೇ ಮುಗಿಯುತ್ತದೆ. ನಮ್ಮ ಧಾರವಾಡ ಇರುವುದು 750 ಮೀಟರಿನ ಆಸುಪಾಸಿನಲ್ಲಿ. ಆದ್ದರಿಂದ ಮೊದಲ ಅರ್ಧ ತಾಸು ಉಸಿರು ಸ್ವಲ್ಪ ಮೇಲಕ್ಕೇ ಇರುತ್ತದೆ, ಗಾಬರಿಯಾಗಬೇಡಿ.

ಬಹುತೇಕರು ಬಲಕ್ಕೆ, ಅಂದರೆ ಪೂರ್ವಕ್ಕೆ ಹೊರಡುತ್ತಾರೆ. ಮೊದಲ ಸಲ ನಾವೂ ಹಾಗೇ ಹೋದೆವು. ಅಗಲವಾದ ಗರಸಿನ ದಾರಿ, ಮಕ್ಕಳ ಗಾಡಿ ತಳ್ಳಿಕೊಂಡು ಬಂದವರೂ ಇದ್ದರು. ಲವರೆದೊ ಎಂಬ ಎರಡನೆಯ ಮನೆ ದಾಟಿ 2,454 ಮೀಟರಿನ ಕಣಿವೆಬಾಯಿ ಏರಿದರೆ, ಅಲ್ಲಿಯ ತನಕ ಬೆನ್ನು ತೋರಿಸಿಕೊಂಡಿದ್ದ ಮೂರು ಶಿಖರಗಳ ಉತ್ತರದ ಗೋಡೆ ಒಮ್ಮೆಲೇ ಎದುರಾಗುತ್ತದೆ. ನೆಟ್ಟಗೆ ಕೊಯ್ದಿಟ್ಟ ಹಾಗೆ. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮುಂದೆ 2,405 ಮೀಟರಿನಲ್ಲಿ ಲೊಕಾತೆಲ್ಲಿ ಆಸರೆಮನೆ. ಎಲ್ಲರೂ ಚಿತ್ರದಲ್ಲಿ ನೋಡಿರುವುದು ಇದನ್ನೇ.

ಊಟ ಮಾಡಿ, ಬಂದ ಕೆಲಸ ಮುಗಿಯಿತು ಅಂದುಕೊಂಡೆ. ಮುಗಿದದ್ದು ಅರ್ಧ ಮಾತ್ರ. ಆ ಮನೆಯಿಂದ ಪಶ್ಚಿಮದ ದಾರಿ ಸುಮಾರು 200 ಮೀಟರ್ ಕೆಳಗೆ, ರಿಯೆಂಝ ಹೊಳೆ ಹುಟ್ಟುವ ತಗ್ಗಿಗೆ ಇಳಿಯುತ್ತದೆ. ಸಣ್ಣ ಹಾದಿ, ಕಾಲಿಟ್ಟಲ್ಲಿ ಬಿಳಿ ಗರಸು ಜಾರುತ್ತದೆ. ನಾಲ್ಕನೆಯ ತಿರುವಿನಲ್ಲಿ ಎಡ ಮೊಣಕಾಲಿನ ಒಳಬದಿಗೆ ಸೂಜಿ ಚುಚ್ಚಿದಂತಾಯಿತು. ಮಗ ಮುಂದೆ ನಿಂತು ಬೆನ್ನು ಕೊಟ್ಟ, ಅವನ ಹೆಗಲು ಹಿಡಿದು ಹೆಜ್ಜೆ ಹೆಜ್ಜೆಗೆ ನಿಂತು ಇಳಿದೆ. ಕೆಳಗೆ ಬಂದಮೇಲೆ ಮತ್ತೆ ಏರು, ಲಾಂಗಾಲ್ಮ್ ಎಂಬ ದನಗಾಹಿಗಳ ಮನೆ, ಆಮೇಲೆ ಏರಿಳಿತದ ಹಾದಿ. ಅವುರೊಂಝೊ ಮುಟ್ಟುವಾಗ ಸಂಜೆ ಐದು.

ಎರಡು ದಿನ ಬಿಸಿನೀರು, ಎಣ್ಣೆ. ಹಾಸಿಗೆಯ ಮೇಲೆ ಕೂತು ನಕಾಶೆ ನೋಡುತ್ತಿದ್ದಾಗ ಹೊಳೆದದ್ದೇ ನನ್ನ ಉತ್ತರ. ಸುತ್ತಿನ ದಾರಿಯಲ್ಲಿ ಎಷ್ಟು ಏರುತ್ತೀರೋ ಅಷ್ಟೇ ಇಳಿಯಬೇಕು, ಅದನ್ನು ತಪ್ಪಿಸಲಾಗದು. ಆದರೆ ಯಾವ ಇಳಿಜಾರನ್ನು ಏರುವುದು, ಯಾವುದನ್ನು ಇಳಿಯುವುದು ಅನ್ನುವುದು ನಮ್ಮ ಕೈಯಲ್ಲಿದೆ. ಏರುವಾಗ ದಣಿಯುವುದು ಉಸಿರು, ನಿಂತರೆ ಸುಧಾರಿಸುತ್ತದೆ. ಇಳಿಯುವಾಗ ಮೈಭಾರವೆಲ್ಲ ಮೊಣಕಾಲಿನ ಮೇಲೆ, ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಆ ಭಾರ ತಡೆಯಬೇಕು. ಕಡಿದಾದದ್ದನ್ನು ಏರಬೇಕು, ಸಲೀಸಾದದ್ದನ್ನು ಇಳಿಯಬೇಕು. ಪೂರ್ವಕ್ಕೆ ಹೊರಟವರಿಗೆ ಶಿಖರ ಎಡಗೈಗೆ ಬರುತ್ತದೆ. ನಮ್ಮ ಭಾಷೆಯಲ್ಲಿ ಅದು ಅಪ್ರದಕ್ಷಿಣೆ.

ಮೂರನೆಯ ದಿನ ಮತ್ತೆ ಹೋದೆವು, ಈ ಸಲ ಪ್ರದಕ್ಷಿಣೆ. ಬೆಳಿಗ್ಗೆ ಎಂಟಕ್ಕೆ ಅವುರೊಂಝೊದಿಂದ ಪಶ್ಚಿಮಕ್ಕೆ. ತಾಜಾ ಕಾಲಿನಲ್ಲಿ ಏರಿಳಿತದ ಹಾದಿ ಮುಗಿಯಿತು. ಲಾಂಗಾಲ್ಮ್‌ನ ಹುಲ್ಲಿನಲ್ಲಿ ಗಂಟೆ ಕಟ್ಟಿದ ಹಸುಗಳು ಮೇಯುತ್ತಿದ್ದವು. ಮೊನ್ನೆ ಅಳು ಬರಿಸಿದ್ದ ಇಳಿಜಾರನ್ನು ಈಗ ಏರಿದೆ. ಉಸಿರು ಕಟ್ಟಿತು, ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆ, ಮೊಣಕಾಲು ಒಂದು ಮಾತೂ ಆಡಲಿಲ್ಲ. ಊಟದ ಹೊತ್ತಿಗೆ ಲೊಕಾತೆಲ್ಲಿ. ಕಣಿವೆಬಾಯಿಗೆ ಇನ್ನೊಂದು ಸಣ್ಣ ಏರು, ಅದು ದಾಟಿದರೆ ಆ ಅಗಲ ದಾರಿ ತಾನಾಗಿ ಕೆಳಗೆ ಕರೆದುಕೊಂಡು ಹೋಗುತ್ತದೆ.

ಆಸರೆಮನೆ ಅಂದರೆ ಹೋಟೆಲೇ ಅಂತ ಕೇಳುತ್ತಾರೆ. ಅಲ್ಲ. ಯಾತ್ರೆಯ ದಾರಿಯ ಅರವಟ್ಟಿಗೆ ಮತ್ತು ಧರ್ಮಸಾಲೆ ಕೂಡಿಸಿದರೆ ಹತ್ತಿರ ಬರುತ್ತದೆ, ದುಡ್ಡು ಮಾತ್ರ ಕೊಡಬೇಕು. ಲೊಕಾತೆಲ್ಲಿ ಇಟಲಿಯ ಆಲ್ಪೈನ್ ಕ್ಲಬ್ಬಿನ ಪಾದುವ ಶಾಖೆಯದು. ಬೇಸಿಗೆಯಲ್ಲಷ್ಟೇ ತೆರೆದಿರುತ್ತದೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಹಗಲಿನಲ್ಲಿ ಯಾರೂ ಬಂದು ಉಣ್ಣಬಹುದು, ರಾತ್ರಿ ಉಳಿಯುವವರು ಮೊದಲೇ ಹೇಳಿಡಬೇಕು. ನೀರು ಅಲ್ಲಿ ತುಟ್ಟಿ, ಬಿದ್ದ ಮಳೆಯನ್ನು ಆ ಬಂಡೆ ಬಿರುಕುಗಳಲ್ಲಿ ನುಂಗಿ ಕೆಳಗೆ ಇಳಿಸಿಬಿಡುತ್ತದೆ. ತಲೆಗೆ ಎರಡು ಲೀಟರ್ ಹೊತ್ತುಕೊಂಡೇ ಹೊರಡಿರಿ.

ಊಟಕ್ಕೆ ನಾನು ತೆಗೆದುಕೊಂಡದ್ದು ಪೊಲೆಂತ. ಹಳದಿ ಮುದ್ದೆ, ಮೇಲೆ ಕರಗಿದ ಚೀಸ್. ಮೊದಲ ತುತ್ತಿಗೇ ಗೊತ್ತಾಯಿತು, ಗೋವಿನಜೋಳದ ಹಿಟ್ಟನ್ನು ಕುದಿನೀರಿಗೆ ಸುರಿದು ಗಂಟಾಗದಂತೆ ತಿರುವಿದ್ದು. ನನ್ನ ತವರು ಹಾವೇರಿ ಕಡೆ, ಹೊಲದ ತುಂಬ ಅದೇ ಬೆಳೆ. ಅವ್ವ ಮಾಡುತ್ತಿದ್ದ ನುಚ್ಚಿಗೆ ಮಜ್ಜಿಗೆ ಇರುತ್ತಿತ್ತು, ಇಲ್ಲಿ ಚೀಸ್. ತಟ್ಟೆಯ ಅಂಚಿಗೆ ಅಂಟಿದ್ದನ್ನು ಚಮಚದಲ್ಲಿ ಕೆರೆದು ತಿಂದೆ.

ಲೊಕಾತೆಲ್ಲಿ ಮನೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಮೊದಲ ಮಹಾಯುದ್ಧದಲ್ಲಿ ಇದೇ ಆಸ್ಟ್ರಿಯ ಮತ್ತು ಇಟಲಿಯ ಗಡಿ. 1915ರಲ್ಲಿ ತೋಪಿನ ಗುಂಡಿಗೆ ಹಳೆಯ ಮನೆ ನಾಶವಾಯಿತು. ಅದನ್ನು ನಡೆಸುತ್ತಿದ್ದವನು ಸೆಪ್ ಇನ್ನರ್‌ಕೋಫ್ಲರ್, ಹೆಸರಾಂತ ಪರ್ವತ ಮಾರ್ಗದರ್ಶಿ. ಅದೇ ವರ್ಷ ಜುಲೈ 4ರಂದು, ಮನೆಯ ಎದುರಿಗೇ ಕಾಣುವ ಮೊಂಟೆ ಪಟೇರ್ನೊ ಶಿಖರದ ಮೇಲೆ ಇಟಲಿಯ ಸೈನಿಕರ ವಿರುದ್ಧ ಹೋರಾಡುತ್ತ ಸತ್ತ. ಎಷ್ಟೋ ಜನರನ್ನು ಸುರಕ್ಷಿತವಾಗಿ ಆ ಗುಡ್ಡ ಹತ್ತಿಸಿ ಇಳಿಸಿದವನು. ಕಟ್ಟೆಯ ಮೇಲೆ ಕೂತು ಆ ತುದಿಯನ್ನು ನೋಡುತ್ತಿದ್ದರೆ ಕೈಯಲ್ಲಿದ್ದ ಚಹಾ ಆರಿಹೋಯಿತು.

ಕಲ್ಲಿನ ಮಾತು ಒಂದು ಹೇಳಬೇಕು, ಯಾಕೆಂದರೆ ಕಾಲು ಜಾರುವುದು ಅದರಿಂದಲೇ. ಡೊಲೊಮೈಟ್ ಕಲ್ಲು 20 ಕೋಟಿ ವರ್ಷಕ್ಕೂ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ ಕೂಡಿದ್ದು. ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದು, ಗರಸಾಗಿ ಉದುರಿ ಬುಡದಲ್ಲಿ ಗುಡ್ಡೆ ಬೀಳುತ್ತದೆ. ಭೂವಿಜ್ಞಾನಿಗಳು ನಮ್ಮ ಊರಿನ ಹೆಸರಿನಿಂದಲೇ ಕರೆಯುವ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಗದಗಿನ ಕಪ್ಪತಗುಡ್ಡವೂ ಅದೇ ಬಳಗದ್ದು. ಅಲ್ಲಿ ನಡೆದು ಕಾಲಿಗೆ ಧೈರ್ಯ ಬಂದಿದ್ದರೂ ಆ ಬಿಳಿ ಗರಸಿಗೆ ಬೇರೆ ಅಭ್ಯಾಸ ಬೇಕು.

ಅಭ್ಯಾಸಕ್ಕೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಸಾಕು. ಎಲ್ಲರೂ ಅಲ್ಲಿ ಏರುವುದನ್ನು ಎಣಿಸುತ್ತಾರೆ, ನೀವು ಇಳಿಯುವುದನ್ನು ಎಣಿಸಿರಿ. ಮೊಣಕಾಲು ತುಸು ಬಗ್ಗಿಸಿ, ಗಿಡ್ಡ ಹೆಜ್ಜೆ ಇಟ್ಟು, ನಿಧಾನ. ವಾರಕ್ಕೆ ಮೂರು ದಿನದಂತೆ ಎರಡು ತಿಂಗಳು. ಕೈಗೆ ಎರಡು ಕೋಲು ಇರಲಿ, ಒಂದಲ್ಲ. ವೈದ್ಯರು ಬೇಡ ಅಂದರೆ ಬೇಡ. ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿರಿ, ಬೇಸಿಗೆಯ ಮಧ್ಯಾಹ್ನ ಅಲ್ಲಿ ಗುಡುಗು ಸಿಡಿಲು ಸಾಮಾನ್ಯ. ಮಧ್ಯಾಹ್ನ ಮೂರು ಗಂಟೆಯೊಳಗೆ ಲವರೆದೊ ದಾಟಿರಬೇಕು.

ಪಶ್ಚಿಮದ ಹಾದಿಗೆ 105 ಎಂದು ಗುರುತು ಬರೆದಿದೆ. ಅವುರೊಂಝೊದ ಬಾಗಿಲಿಗೆ ಬಂದು ನಿಂತಾಗ ಜನರೆಲ್ಲ ಪೂರ್ವದ ಹಾದಿ 101ರ ಕಡೆ ಹೋಗುತ್ತಿರುತ್ತಾರೆ. ನೀವು 105 ಹಿಡಿಯಿರಿ.