ಹೊಂಗೆ ಬಯೋಡೀಸೆಲ್: ಗ್ಲಿಸರಿನ್ ಕೊನೆಗೂ ಇಳಿಯಿತು

ಹೊಂಗೆ ಎಣ್ಣೆ ಬಯೋಡೀಸೆಲ್ ಆಗುವಾಗ ಬೇರ್ಪಡುವ ಗ್ಲಿಸರಿನ್ ನಿನ್ನೆ ರಾತ್ರಿ ತಳಕ್ಕೆ ಇಳಿಯಿತು. ಕಪ್ಪಗೆ, ಮಂದವಾಗಿ, ಮೇಲಿನ ಕೆಂಗಂದು ಬಯೋಡೀಸೆಲ್‌ಗೂ ಅದಕ್ಕೂ ನಡುವೆ ಸ್ಪಷ್ಟ ಗೆರೆ. ಹೊಂಗೆ ಎಣ್ಣೆಯಲ್ಲಿ ಕೈಯಾಡಿಸಿದವರಿಗೆ ಈ ಗೆರೆಯ ಬೆಲೆ ಗೊತ್ತು.

ಇಷ್ಟು ದಿನ ಕಾಡಿದ್ದು ಬಿಡಿ ಕೊಬ್ಬಿನಾಮ್ಲ, ಅಂದರೆ ಎಣ್ಣೆ ಹಳತಾದಾಗ ಅದರಿಂದ ಬಿಟ್ಟುಕೊಳ್ಳುವ ಆಮ್ಲ. ಗಾಣದಿಂದ ತಂದ ಎಣ್ಣೆಯ ಆಸಿಡ್ ವ್ಯಾಲ್ಯೂ (ಆಮ್ಲ ಎಷ್ಟಿದೆ ಎಂಬ ಅಳತೆ) 24, ಅಂದರೆ ಶೇ 12ರಷ್ಟು ಬಿಡಿ ಆಮ್ಲ! ಈ ವರ್ಷದ ಬೀಜ ಅಂತ ಹೇಳಿ ಮಳೆಗಾಲ ಕಳೆದ ಹಳೇ ಸರಕು ಅರೆದು ಕೊಟ್ಟಿದ್ದಾರೆ. ದುಡ್ಡು ಮಾತ್ರ ಹೊಸ ಬೀಜದ್ದು. ಇಂಥ ಎಣ್ಣೆಗೆ ನೇರ ಪೊಟ್ಯಾಷ್ (ಎಣ್ಣೆಯನ್ನು ಬಯೋಡೀಸೆಲ್ ಮಾಡಿಸುವ ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿದರೆ ಸಾಬೂನೇ ಗತಿ. ಮೊದಲು ಸಲ್ಫ್ಯೂರಿಕ್ ಆಸಿಡ್, ಮೆಥನಾಲ್ ಹಾಕಿ 60 ಡಿಗ್ರಿಯಲ್ಲಿ ಆ ಬಿಡಿ ಆಮ್ಲವನ್ನು ಇಳಿಸಬೇಕು.

ಆದರೆ ವ್ಯಾಲ್ಯೂ 6ಕ್ಕೆ ಇಳಿದು ಅಲ್ಲೇ ಕೂತುಬಿಡುತ್ತಿತ್ತು. ಆಸಿಡ್ ಹೆಚ್ಚಿಸಿದರೂ, ಹೆಚ್ಚು ಹೊತ್ತು ಕಲಕಿದರೂ, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಾರಣ ನೀರು. ಕೊಬ್ಬಿನಾಮ್ಲ ಮೆಥನಾಲ್ ಜೊತೆ ಸೇರಿ ಎಸ್ಟರ್ (ಬಯೋಡೀಸೆಲ್ ಅಂದರೆ ಇದೇ) ಆಗುವಾಗ ನೀರೂ ಹುಟ್ಟುತ್ತದೆ. ಒಂದು ಕೆಜಿ ಎಣ್ಣೆಯಲ್ಲಿರುವ 120 ಗ್ರಾಂ ಆಮ್ಲ ಪೂರ್ತಿ ತಿರುಗಿದರೆ ಸುಮಾರು 8 ಗ್ರಾಂ. ಅಷ್ಟೇ ನೀರು ಎಸ್ಟರನ್ನು ಮತ್ತೆ ಆಮ್ಲದ ಕಡೆಗೆ ಎಳೆಯುತ್ತದೆ. ಇನ್ನಷ್ಟು ಸಲ್ಫ್ಯೂರಿಕ್ ಆಸಿಡ್ ಸುರಿದರೆ ಈ ಜಗ್ಗಾಟದ ವೇಗ ಹೆಚ್ಚುತ್ತದೆಯೇ ಹೊರತು ನಿಲ್ಲುವ ಜಾಗ ಬದಲಾಗುವುದಿಲ್ಲ.

ಹಾಗಾಗಿ ತಣಿಯಲು ಬಿಟ್ಟು, ಮೇಲೆ ತೇಲಿದ ಮೆಥನಾಲ್-ನೀರಿನ ಪದರವನ್ನು ಪೂರ್ತಿ ತೆಗೆದೆ. ಹೊಸ ಮೆಥನಾಲ್, ಚೂರು ಆಸಿಡ್, ಇನ್ನೊಂದು ಸುತ್ತು. ವ್ಯಾಲ್ಯೂ 1.5! ಆಮೇಲೆ ಪೊಟ್ಯಾಷ್, ಉಳಿದ ಆಸಿಡ್ ನುಂಗುವಷ್ಟು ಹೆಚ್ಚುವರಿ ಸೇರಿಸಿ. ತೊಳೆದು ಒಣಗಿಸಿದ ಮೇಲೆ 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಬಯೋಡೀಸೆಲ್ ಬಿಟ್ಟೆ: ತಿಳಿಯಾಗಿ ಕರಗಿತು, ಬದಲಾಗದ ಎಣ್ಣೆ ತಳದಲ್ಲಿ ಒಂದು ಹನಿಯೂ ಉಳಿಯಲಿಲ್ಲ. ಮೆಥನಾಲ್ ಖರ್ಚು ಜಾಸ್ತಿಯಾಯಿತು, ನಿಜ. ತೆಗೆದ ಪದರದಿಂದ ಅದನ್ನು ಬಟ್ಟಿ ಇಳಿಸಿ ವಾಪಸ್ ಪಡೆಯುವುದು ಮುಂದಿನ ಕೆಲಸ.

ಹೊಂಗೆಯಲ್ಲಿ ಸುಲಭಕ್ಕೆ ಗಟ್ಟಿಯಾಗದ ಓಲೆಯಿಕ್ ಆಮ್ಲದ್ದೇ ದೊಡ್ಡ ಪಾಲು, ಅದಕ್ಕೇ ಇಂಧನಕ್ಕೆ ಇದು ಒಗ್ಗುತ್ತದೆ. ಮುರುಗಲು (ಪುನರ್ಪುಳಿ) ಇದಕ್ಕೆ ತದ್ವಿರುದ್ಧ: ಬೀಜದ ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿಯಾಗುವ ಸ್ಟಿಯರಿಕ್ ಆಮ್ಲ, ಕರಗಲು 40 ಡಿಗ್ರಿ ಹತ್ತಿರ ಬೇಕು. ಯುರೋಪಿನಲ್ಲಿ ಕೋಕೋ ಬೆಣ್ಣೆಯ ಜೊತೆ ಚಾಕೊಲೇಟಿಗೆ ಸೇರಿಸಲು ಒಪ್ಪಿರುವ ಆರು ಸಸ್ಯ ಕೊಬ್ಬುಗಳಲ್ಲಿ ಇದೂ ಒಂದು. ನಮ್ಮಲ್ಲಿ ಒಡೆದ ಹಿಮ್ಮಡಿಗೆ ಹಚ್ಚಿ ಮುಗಿಸುತ್ತೇವೆ! ಮುಂದಿನ ಪ್ರಯೋಗ ಈ ಮುರುಗಲು ತುಪ್ಪದ ಮೇಲೆ. ಶಿರಸಿ, ಕುಮಟಾ ಕಡೆಯವರು ಯಾರಾದರೂ ಈ ಸಲದ ಮುರುಗಲು ಬೀಜ ಚೆನ್ನಾಗಿ ಒಣಗಿಸಿ ಇಟ್ಟಿದ್ದರೆ ತಿಳಿಸಿ, ಕೊಳ್ಳುತ್ತೇನೆ.